ಬ್ಲೂಮ್ ನೀರಿನಲ್ಲಿ ಲೋಹಗಳ ಲೆಕ್ಕ ಕೂಡಿಸಿದ್ದು: ನನ್ನ ಅನುಭವ

ಬ್ಲೂಮ್ (ನೀರಿನಲ್ಲಿ ಪಾಚಿ ಒಮ್ಮೆಲೇ ಹೆಚ್ಚುವುದು) ಎದ್ದಾಗ ಕರಾವಳಿ ನೀರಿನಲ್ಲಿ ಕರಗಿದ ಲೋಹ ಇಳಿದದ್ದು ಪಾಚಿಯಿಂದಲೋ, ಉಬ್ಬರದ ಜೊತೆ ಬೇರೆ ನೀರು ಒಳಗೆ ಬಂದದ್ದರಿಂದಲೋ? ಇದನ್ನು ಬಿಡಿಸಿ ಹೇಳಬೇಕಾದರೆ ಸಂಶೋಧನಾ ಹಡಗು, ಸ್ವಯಂಚಾಲಿತ ಸಾಂದ್ರೀಕರಣ ಯಂತ್ರ, ಪೂರ್ಣ ಪ್ರಮಾಣದ ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಮೂರೂ ಬೇಕು ಎಂದು ಹೇಳಿದವರೇ ಹೆಚ್ಚು. ಮೂರೂ ಇಲ್ಲದೆ ಮಾಡಿದೆವು. ನಮ್ಮ ಬಳಿ ಇದ್ದದ್ದು ಸಣ್ಣ ದೋಣಿ, ಕೈಯಲ್ಲಿ ತುಂಬಿದ ಎಂಟು ಕಾಲಂ (ಲೋಹ ಹಿಡಿಯುವ ರೆಸಿನ್ ಇರುವ ಕೊಳವೆ), 20 ಲೀಟರಿನ ಏಳು ಪಾಲಿಕಾರ್ಬನೇಟ್ ಕಾರ್ಬಾಯ್ (ದೊಡ್ಡ ಬಾಟಲಿ). ಮೂರನೇ ಸುತ್ತಿನಲ್ಲಿ ಕ್ಯಾಡ್ಮಿಯಂ, ಸತು, ಕಬ್ಬಿಣ, ಮ್ಯಾಂಗನೀಸ್ ನಾಲ್ಕರ ಲೆಕ್ಕವೂ ಶೇ 10–12ರೊಳಗೆ ಕೂಡಿತು, ಅಂದರೆ ನೀರಿನಿಂದ ಇಳಿದ ಲೋಹ ಪಾಚಿಯಲ್ಲೋ ಗೋಡೆಯಲ್ಲೋ ಸಿಕ್ಕಿತು. ಈ ಕೆಲಸ ಮಾಡುವವರಿಗೆ ಆ ಅಂಕಿಯ ಬೆಲೆ ಗೊತ್ತು. ಅದು ಹೇಗೆ ಕೂಡಿತು, ಮೊದಲೆರಡು ಸುತ್ತು ಏಕೆ ಕೆಟ್ಟವು ಎಂಬುದಕ್ಕಷ್ಟೇ ಈ ಬರಹ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ, ಸ್ವಲ್ಪ ಆಚೀಚೆ ಇರಬಹುದು. ಬಾಟಲಿ ತೊಳೆಯುವುದು, ಬ್ಲ್ಯಾಂಕ್ (ಮಾದರಿಯಿಂದಲ್ಲದೆ ನಮ್ಮ ಪಾತ್ರೆ, ಆಮ್ಲಗಳಿಂದಲೇ ಬರುವ ಲೋಹ) ತೆಗೆಯುವುದು ಓದುವವರಿಗೆ ಗೊತ್ತಿದೆ ಎಂದುಕೊಂಡೇ ಮುಂದುವರಿಯುತ್ತೇನೆ.

ನೀರಿಗಿಳಿಯುವ ಮುಂಚಿನ ಲೆಕ್ಕ

ಮೊದಲ ಸುತ್ತಿನಲ್ಲಿ ಮಾಡದೆ ಬಿಟ್ಟ ಕೆಲಸ ಇದು. ಬಿಟ್ಟದ್ದಕ್ಕೆ ಬೆಲೆಯನ್ನೂ ತೆತ್ತೆವು. 15 ಜಾತಿಯ ಸಸ್ಯಪ್ಲವಕಗಳನ್ನು ಬೆಳೆಸಿ ಅಳೆದು 2003ರಲ್ಲಿ ಪ್ರಕಟವಾದ ಸರಾಸರಿ ಎಲ್ಲರ ಬಳಿಯೂ ಇದೆ: ಒಂದು ಮೋಲ್ ರಂಜಕಕ್ಕೆ ಕಬ್ಬಿಣ 7.5 ಮಿಲಿಮೋಲ್, ಮ್ಯಾಂಗನೀಸ್ 3.8, ಸತು 0.80, ತಾಮ್ರ 0.38, ಕ್ಯಾಡ್ಮಿಯಂ 0.21, ಕೋಬಾಲ್ಟ್ 0.19. ಬ್ಲೂಮ್ ಒಂದು ಮೈಕ್ರೊಮೋಲಾರ್ ಫಾಸ್ಫೇಟ್ ತಿಂದರೆ ಇವೇ ಅಂಕಿಗಳು ನ್ಯಾನೊಮೋಲಾರ್ ಆಗಿ ನೀರಿನಿಂದ ಇಳಿಯಬೇಕು. ಕ್ಲೋರೊಫಿಲ್ ಲೀಟರಿಗೆ 20 ಮೈಕ್ರೊಗ್ರಾಂ ಇರುವ ಬ್ಲೂಮ್ ಎಂದರೆ, ಇಂಗಾಲ ಅದರ 50 ಪಟ್ಟು ಎಂದು ಹಿಡಿದರೂ, ಸುಮಾರು 0.7 ಮೈಕ್ರೊಮೋಲಾರ್ ರಂಜಕ ಜೀವಕೋಶದೊಳಗೆ ಹೋದಂತಾಯಿತು.

ಈಗ ಇದನ್ನು ನೀರಿನ ಪಕ್ಕ ಇಟ್ಟು ನೋಡಿ. ಕರಾವಳಿಯಲ್ಲಿ ತಾಮ್ರ 8 ನ್ಯಾನೊಮೋಲಾರ್ ಇದ್ದರೆ ಬ್ಲೂಮ್ ತೆಗೆಯುವುದು 0.3–0.4. ಅದು ಶೇ 5ರಷ್ಟು, ನಮ್ಮ ಅಳತೆಯ ದೋಷದೊಳಗೇ ಮುಳುಗಿಹೋಗುತ್ತದೆ. ಕ್ಯಾಡ್ಮಿಯಂ ಇರುವುದೇ 0.3, ಅದರಲ್ಲಿ 0.2 ಹೋದರೆ ಮೂರರಲ್ಲಿ ಎರಡು ಪಾಲು ಹೋಯಿತು. ಹೀಗಾಗಿ ಬ್ಲೂಮ್‌ಗೆ ಲೋಹ ಇಳಿಯುತ್ತದೆಯೋ ಇಲ್ಲವೋ ಎಂದು ಒಟ್ಟಿಗೆ ಕೇಳಿದರೆ ಉತ್ತರವೇ ಇಲ್ಲ. ನೀರಿನಲ್ಲಿ ಇರುವ ದಾಸ್ತಾನು ಎಷ್ಟು, ಪಾಚಿಯ ಬೇಡಿಕೆ ಎಷ್ಟು, ಎರಡರ ಅನುಪಾತವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ಭಾಗದಲ್ಲಿ 1994ರ ವಸಂತದ ಬ್ಲೂಮ್‌ನಲ್ಲಿ ಕರಗಿದ ಕ್ಯಾಡ್ಮಿಯಂ, ನಿಕಲ್, ಸತು ಇಳಿದವು, ತಾಮ್ರ ಇಳಿಯಲಿಲ್ಲ. ಆ ಚಿತ್ರವೇ ಈ ಗುಣಾಕಾರದಲ್ಲೂ ಕಾಣುತ್ತದೆ. ನಮ್ಮ ಮೊದಲ ಸುತ್ತಿನಲ್ಲಿ ತಾಮ್ರವನ್ನೇ ನೆಚ್ಚಿಕೊಂಡು 60 ಮಾದರಿ ಅಳೆದೆವು, ಎಲ್ಲವೂ ಸಮತಟ್ಟಾಗಿ ಬಂದವು. "ನಿಮ್ಮ ವಿಧಾನಕ್ಕೆ ಬ್ಲೂಮ್ ಕಾಣುವುದೇ ಇಲ್ಲ" ಎಂಬ ಟೀಕೆ ಹುಟ್ಟಿದ್ದು ಅಲ್ಲಿಂದ. ಕಾಣದೇ ಇದ್ದದ್ದು ನಾವು ಆರಿಸಿದ ಲೋಹದ ತಪ್ಪು.

ಈ ಗುಣಾಕಾರದಿಂದ ಇನ್ನೊಂದು ಉಪಕಾರವಾಯಿತು: ಬ್ಲ್ಯಾಂಕ್ ಎಷ್ಟು ಕೆಳಗಿರಬೇಕೆಂದು ಲೋಹವಾರು ತಿಳಿಯಿತು. ಕರಾವಳಿ ಕಬ್ಬಿಣ 5–20 ನ್ಯಾನೊಮೋಲಾರ್ ಇರುವಾಗ ಬ್ಲ್ಯಾಂಕ್ 0.2 ಇದ್ದರೆ ಧಾರಾಳ ಸಾಕು. ಆಳಸಾಗರದವರ 0.02 ಹಿಡಿಯಲು ಹಣ ಸುರಿಯಬೇಕಾಗಿಲ್ಲ. ಸತುವಿಗೆ ಮಾತ್ರ 0.1 ಮೀರಬಾರದು, ಕ್ಯಾಡ್ಮಿಯಂಗೆ 0.005 ಮೀರಬಾರದು. ಕ್ಯಾಡ್ಮಿಯಂ ಬ್ಲ್ಯಾಂಕ್ ಸುಲಭ, ಅದು ಗಾಳಿಯಲ್ಲಿ ತಿರುಗುವ ಲೋಹವಲ್ಲ. ಸತುವೇ ಪ್ರಾಣ ಹಿಂಡುವುದು.

ನೀರು ತರುವುದು

ದೋಣಿಯಲ್ಲಿ ಸತುವಿನ ಮೂಲಗಳನ್ನು ಎಣಿಸಿದರೆ ಕೈಬೆರಳು ಸಾಲದು: ತುಕ್ಕು ತಡೆಯಲು ಕಟ್ಟುವ ಸತುವಿನ ಗಟ್ಟಿ, ಸತು ಲೇಪಿಸಿದ ಸರಪಳಿ, ಹಗ್ಗದ ಕೊಕ್ಕೆ, ಪುಡಿ ಹಚ್ಚಿದ ಗ್ಲೌಸ್, ರಬ್ಬರ್ ವಾಷರ್. ತಳಕ್ಕೆ ಬಳಿದ ಬಣ್ಣದಲ್ಲಿ ತಾಮ್ರ. ಎಂಜಿನ್ ನಿಲ್ಲಿಸಿ, ಮೂತಿಯನ್ನು ಗಾಳಿಗೆ ಕೊಟ್ಟು, ಮೂರು ಮೀಟರ್ ಉದ್ದದ ಪ್ಲಾಸ್ಟಿಕ್ ಕೋಲಿನ ತುದಿಗೆ ಟೆಫ್ಲಾನ್ ಕೊಳವೆ ಕಟ್ಟಿ, ಪೆರಿಸ್ಟಾಲ್ಟಿಕ್ ಪಂಪಿನಲ್ಲಿ ಎಳೆಯುವುದೇ ನಮ್ಮ ಕ್ರಮ. ಪಂಪಿನ ತಲೆಯೊಳಗಿನ ಮೆತ್ತನೆಯ ಕೊಳವೆ ಅರ್ಧ ಮೀಟರ್ ಮೀರಬಾರದು. ಅದನ್ನು 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ವಾರವಿಟ್ಟು, ಸ್ಥಳದಲ್ಲಿ ಹತ್ತು ನಿಮಿಷ ಸಮುದ್ರದ ನೀರೇ ಹರಿಸಿ, ಆಮೇಲೆ ಬಾಟಲಿ ತುಂಬುವುದು. ಮುಚ್ಚಳ ಬಣ್ಣದ್ದಾದರೆ ಆ ಬಾಟಲಿ ಬೇಡವೇ ಬೇಡ. ಬಣ್ಣದಲ್ಲಿ ಕ್ಯಾಡ್ಮಿಯಂ, ಸತು ಎರಡೂ ಇರಬಹುದು.

ಮೇಲ್ಮೈಯಲ್ಲಿ ಪಾಚಿ ಕೆನೆಗಟ್ಟಿದ ದಿನ ಕೊಳವೆಯ ಬಾಯಿ ಅರ್ಧ ಮೀಟರ್ ಕೆಳಗೇ ಇರಲಿ. ಕೆನೆಯ ಒಂದು ತುಣುಕು ಒಳಗೆ ಬಂದರೆ ಆ ಬಾಟಲಿಯ ಕಣರೂಪದ ಲೆಕ್ಕ ಹತ್ತು ಪಟ್ಟು ಏರಿ ಕೂರುತ್ತದೆ.

ಉಬ್ಬರದ ತಗಾದೆಗೆ ನಾವು ಕಂಡುಕೊಂಡ ಉಪಾಯ ಸರಳ. ಬ್ಲೂಮ್ ಇಲ್ಲದ ದಿನಗಳಲ್ಲಿ ನದಿಬಾಯಿಂದ ಹೊರಕಡಲಿನವರೆಗೆ ಹತ್ತು ಹನ್ನೆರಡು ಜಾಗದಲ್ಲಿ ನೀರು ತೆಗೆದು, ಲವಣಾಂಶದ ಎದುರು ಪ್ರತಿ ಲೋಹದ ಗೆರೆ ಎಳೆದಿಟ್ಟುಕೊಂಡೆವು. ಬ್ಲೂಮ್ ದಿನಗಳಲ್ಲಿ ಉಬ್ಬರ ತುಂಬಿ ನಿಂತ ಹೊತ್ತಿನಲ್ಲೇ ಮಾದರಿ. ಅದೇ ಲವಣಾಂಶಕ್ಕೆ ಗೆರೆ ಎಷ್ಟು ಹೇಳುತ್ತದೆ, ಸಿಕ್ಕಿದ್ದು ಎಷ್ಟು, ಆ ಅಂತರ ಮಾತ್ರ ಬ್ಲೂಮ್‌ನ ಲೆಕ್ಕಕ್ಕೆ. ಗೆರೆ ನೇರವಾಗಿ ಬಾರದ ಲೋಹವನ್ನು (ನಮ್ಮಲ್ಲಿ ಕಬ್ಬಿಣ, ಕಡಿಮೆ ಲವಣಾಂಶದಲ್ಲೇ ಗಟ್ಟಿಗಟ್ಟಿ ಬಿದ್ದುಹೋಗುತ್ತದೆ) ಈ ದಾರಿಯಲ್ಲಿ ನಂಬಬೇಡಿ. ಅದನ್ನು ಕಾರ್ಬಾಯ್‌ನಲ್ಲೇ ನೋಡಬೇಕು.

ಸೋಸುವಾಗ ಆದ ಅನಾಹುತ

ಬ್ಲೂಮ್ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ, ಅತಿ ಕಡಿಮೆ ಬರೆಯುವುದೂ ಇದರ ಬಗ್ಗೆ. 47 ಮಿಲಿಮೀಟರಿನ, 0.4 ಮೈಕ್ರಾನ್ ಪಾಲಿಕಾರ್ಬನೇಟ್ ಫಿಲ್ಟರ್ ಸಾದಾ ನೀರಿನಲ್ಲಿ ಲೀಟರ್ ಇಳಿಸುತ್ತದೆ. ಬ್ಲೂಮ್ ನೀರಿನಲ್ಲಿ 200–300 ಮಿಲಿಗೆ ಉಸಿರು ಕಟ್ಟುತ್ತದೆ. ಆಗ ಎರಡು ದೋಷ ಒಟ್ಟಿಗೆ ಶುರು. ರಂಧ್ರ ಮುಚ್ಚಿಕೊಂಡು ಫಿಲ್ಟರ್ ಇನ್ನಷ್ಟು ಸಣ್ಣದಾಗುತ್ತದೆ, ಕಲಿಲ ರೂಪದ (ಅತಿ ಸಣ್ಣ ಕಣಗಳಾಗಿ ತೇಲುವ) ಕಬ್ಬಿಣ ಅದರ ಮೇಲೇ ನಿಲ್ಲುತ್ತದೆ, ಕರಗಿದ ಕಬ್ಬಿಣ ಸುಳ್ಳೇ ಕಡಿಮೆ ಬರುತ್ತದೆ. ಇತ್ತ ನಿರ್ವಾತದ ಎಳೆತಕ್ಕೆ ಕೋಶಗಳು ಒಡೆದು, ಒಳಗಿದ್ದ ಕ್ಯಾಡ್ಮಿಯಂ, ಸತು ಕೆಳಗಿನ ಬಾಟಲಿಗೆ ಸೋರುತ್ತವೆ, ಅವು ಸುಳ್ಳೇ ಹೆಚ್ಚು ಬರುತ್ತವೆ. ಒಂದೇ ಬಾಟಲಿಯಲ್ಲಿ ಒಂದು ಲೋಹ ಕೆಳಗೆ, ಇನ್ನೊಂದು ಮೇಲೆ. ಎರಡನೇ ಸುತ್ತು ಪೂರ್ತಿ ಹಾಳಾದದ್ದು ಇದರಿಂದಲೇ.

ಪತ್ತೆ ಮಾಡುವ ಬಗೆ ಹೀಗೆ: ಒಂದೇ ಫಿಲ್ಟರಿನಿಂದ ಇಳಿದ ಮೊದಲ 100 ಮಿಲಿ, ಎರಡನೇ 100, ಮೂರನೇ 100 ಬೇರೆ ಬೇರೆ ಹಿಡಿದು ಅಳೆಯಿರಿ. ನಮ್ಮಲ್ಲಿ ಮೂರನೆಯದರಲ್ಲಿ ಕಬ್ಬಿಣ ಮೊದಲಿನದರ ಅರ್ಧಕ್ಕಿಳಿದಿತ್ತು, ಕ್ಯಾಡ್ಮಿಯಂ ಒಂದೂವರೆ ಪಟ್ಟಾಗಿತ್ತು. ಆಮೇಲೆ ನಿರ್ವಾತ ಬಿಟ್ಟೆವು. ಮೇಲಿನಿಂದ ಸೋಸಿದ ಸಾರಜನಕದ ಒತ್ತಡ, ಅದೂ 0.2 ಬಾರ್ ಮೀರದಂತೆ. ಒಂದು ಫಿಲ್ಟರಿಗೆ 120 ಮಿಲಿ ದಾಟಿಸಲಿಲ್ಲ. ಒಂದು ಮಾದರಿಗೆ ಮೂರು ಫಿಲ್ಟರ್ ಹೋಯಿತು, ಖರ್ಚು ಮೂರು ಪಟ್ಟಾಯಿತು. ಈ ಖರ್ಚಿನಲ್ಲಿ ಕೈ ಬಿಗಿ ಹಿಡಿದರೆ ಉಳಿದದ್ದೆಲ್ಲ ವ್ಯರ್ಥ.

ಕಣರೂಪದ ಲೋಹಕ್ಕೂ ಇದೇ ಫಿಲ್ಟರ್. 120 ಮಿಲಿಯಲ್ಲಿ ಸಿಗುವ ಕ್ಯಾಡ್ಮಿಯಂ ಸುಮಾರು 3 ನ್ಯಾನೊಗ್ರಾಂ, ಮೂರು ಫಿಲ್ಟರ್ ಕೂಡಿಸಿ ಕರಗಿಸಿದರೆ 9. ಫಿಲ್ಟರನ್ನು ಮೊದಲೇ ಆಮ್ಲದಲ್ಲಿ ನೆನೆಸಿ ತೊಳೆದಿದ್ದರೆ ಬ್ಲ್ಯಾಂಕ್ ಅದರ ಹತ್ತನೇ ಒಂದು ಪಾಲಿಗಿಂತ ಕೆಳಗಿರುತ್ತದೆ. ಮಣ್ಣಿನ ಕಣದ ಕಬ್ಬಿಣವನ್ನು ಕಳೆಯಲು ಅಲ್ಯೂಮಿನಿಯಂ ಅಳೆಯಲೇಬೇಕು. ಭೂಪದರದ ಸರಾಸರಿ ಕಬ್ಬಿಣ–ಅಲ್ಯೂಮಿನಿಯಂ ಅನುಪಾತ ಪುಸ್ತಕದಲ್ಲಿದೆ ನಿಜ, ಆದರೆ ನಾವು ನೀರು ತೆಗೆದ ಕೊಲ್ಲಿಯ ತಳದ ಕೆಸರನ್ನು ಹೈಡ್ರೊಫ್ಲೋರಿಕ್–ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೆಗೆದ ಅನುಪಾತ ಹಿಡಿದಾಗಲೇ ನಮ್ಮ ಲೆಕ್ಕ ಕೂಡಿದ್ದು.

ಕಾರ್ಬಾಯ್‌ಗಳು

ಮೂರು ಬೆಳಕಿನಲ್ಲಿ, ಎರಡು ಕತ್ತಲಲ್ಲಿ, ಇನ್ನೆರಡರಲ್ಲಿ 0.2 ಮೈಕ್ರಾನಿನಲ್ಲಿ ಸೋಸಿದ ಬರೀ ನೀರು. ಕೊನೆಯ ಎರಡನ್ನು ಯಾರೂ ಇಡುವುದಿಲ್ಲ, ಜಾಗ ದಂಡ ಎನ್ನುತ್ತಾರೆ. ನಮ್ಮ ಕೆಲಸ ಉಳಿದದ್ದೇ ಅವುಗಳಿಂದ. ಬೆಳಕಿನವುಗಳಲ್ಲಿ ಕಬ್ಬಿಣದ ಮೊತ್ತ (ಕರಗಿದ್ದು ಮತ್ತು ಕಣರೂಪದ್ದು ಸೇರಿ) ಸುಮಾರು 22 ನ್ಯಾನೊಮೋಲಾರ್ ಇದ್ದದ್ದು ಐದು ದಿನಕ್ಕೆ 15ಕ್ಕೆ ಬಂತು. ಏಳು ಎಲ್ಲಿ ಹೋಯಿತು? ಸೋಸಿದ ನೀರಿನ ಕಾರ್ಬಾಯ್‌ಗಳಲ್ಲೂ ಕಬ್ಬಿಣ ಕಾಲು ಭಾಗ ಕಾಣೆಯಾಗಿತ್ತು, ಅಲ್ಲಿ ಪಾಚಿಯೇ ಇಲ್ಲ. ಅಂದರೆ ಗೋಡೆ ಕುಡಿದಿದೆ. ಖಾಲಿ ಮಾಡಿದ ಕಾರ್ಬಾಯ್‌ಗೆ 0.024 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ ಅರ್ಧ ಲೀಟರ್ ಹಾಕಿ, ರಾತ್ರಿಯಿಡೀ ಉರುಳಿಸಿ ಅಳೆದಾಗ ಐದರಷ್ಟು ಗೋಡೆಯಿಂದ ಇಳಿದುಬಂತು. 22ರಲ್ಲಿ 20 ಲೆಕ್ಕಕ್ಕೆ ಸಿಕ್ಕಿತು. ಕಾರ್ಬಾಯ್‌ನಲ್ಲಿ ಕಬ್ಬಿಣದ ಲೆಕ್ಕ ಎಂದೂ ಕೂಡುವುದಿಲ್ಲ ಎಂದವರಿಗೆ ಈ ಅರ್ಧ ಲೀಟರ್ ಆಮ್ಲವೇ ಉತ್ತರ. ಕ್ಯಾಡ್ಮಿಯಂ, ನಿಕಲ್ ಗೋಡೆಗೆ ಅಂಟುವುದು ನಗಣ್ಯ. ಸತು ಸ್ವಲ್ಪ ಅಂಟುತ್ತದೆ.

ಪೋಷಕಾಂಶ ಹಾಕದೆ ಬ್ಲೂಮ್ ಎಬ್ಬಿಸಲು ಸಾಧ್ಯವಿಲ್ಲ: ನೈಟ್ರೇಟ್ 16, ಫಾಸ್ಫೇಟ್ 1, ಸಿಲಿಕೇಟ್ 16 ಮೈಕ್ರೊಮೋಲಾರ್. ಡಬ್ಬಿಯಿಂದ ನೇರ ಹಾಕಿದರೆ ಅವುಗಳ ಜೊತೆ ಕಬ್ಬಿಣ, ಸತು ಬಂದು ಸೇರುತ್ತವೆ. ಕೀಲೆಕ್ಸ್-100 (ಲೋಹ ಹಿಡಿಯುವ ರೆಸಿನ್) ಕಾಲಂ ಮೂಲಕ ಇಳಿಸಿದ ದ್ರಾವಣವನ್ನೇ ಬಳಸಬೇಕು. ಸಿಲಿಕೇಟ್ ಹಟಮಾರಿ, ಒಂದು ಸಲ ಇಳಿಸಿದರೆ ಸಾಲದು. ನಾವು ಅದನ್ನು ಶುದ್ಧ ಮಾಡುವ ಕ್ರಮವನ್ನು ಇಲ್ಲಿ ಬಿಚ್ಚುವುದಿಲ್ಲ, ಪಿಎಚ್‌ನಲ್ಲಿ ಅದರ ಗುಟ್ಟಿದೆ ಎಂದಷ್ಟು ಹೇಳಬಲ್ಲೆ.

ಬೀಜ ಹಾಕುವಾಗ ಇನ್ನೊಂದು ಬಲೆ ಕಾದಿರುತ್ತದೆ. ಕೊಲ್ಲಿಯಲ್ಲಿ ಆ ಹೊತ್ತಿಗೆ ಡಯಾಟಮ್ ಕಡಿಮೆ ಇದ್ದುದರಿಂದ, ಎಫ್/2 ಎಂಬ ಪಾಚಿ ಬೆಳೆಸುವ ಮಾಧ್ಯಮದಲ್ಲಿ ಬೆಳೆಸಿದ ಸ್ಕೆಲಿಟೊನೀಮಾ ಎಂಬ ಡಯಾಟಮ್ 100 ಮಿಲಿಯನ್ನು 20 ಲೀಟರಿಗೆ ಸುರಿದೆವು. ಎಫ್/2ರಲ್ಲಿ ಲೋಹವನ್ನು ಕಟ್ಟಿ ಹಿಡಿಯುವ ಇಡಿಟಿಎ 11.7 ಮೈಕ್ರೊಮೋಲಾರ್ ಇದೆ. ಕಾರ್ಬಾಯ್‌ಗೆ ಬಂದು ಸೇರಿದ್ದು 58 ನ್ಯಾನೊಮೋಲಾರ್. ತಾಮ್ರವೇ ಇದ್ದದ್ದು 8. ಆ ಸುತ್ತಿನಲ್ಲಿ ಲಿಗಂಡ್ (ಲೋಹವನ್ನು ಕಟ್ಟಿ ಹಿಡಿಯುವ ಅಣು) ಎಂದು ನಾವು ಅಳೆದದ್ದರಲ್ಲಿ ಪಾಚಿಯದೆಷ್ಟು, ಇಡಿಟಿಎಯದೆಷ್ಟು ಎಂದು ಬೇರ್ಪಡಿಸಲು ದಾರಿಯೇ ಇರಲಿಲ್ಲ. ಈಗ ಬೀಜ ಹಾಕುವುದೇ ಇಲ್ಲ. 200 ಮೈಕ್ರಾನಿನ ನೈಲಾನ್ ಜಾಲರಿಯಲ್ಲಿ ಮೇಯುವ ಪ್ರಾಣಿಗಳನ್ನು ತೆಗೆದು, ಇದ್ದ ಪಾಚಿಯನ್ನೇ ಎಬ್ಬಿಸುತ್ತೇವೆ. ಎರಡು ದಿನ ತಡವಾಗುತ್ತದೆ, ಆಗಲಿ.

ಮೂರನೇ ಸುತ್ತಿನ ಫಲ: ಫಾಸ್ಫೇಟ್ 1.1 ಮೈಕ್ರೊಮೋಲಾರ್ ಇಳಿಯಿತು. ಕ್ಯಾಡ್ಮಿಯಂ 0.32ರಿಂದ 0.09 ನ್ಯಾನೊಮೋಲಾರಿಗೆ, ಗುಣಾಕಾರ ಹೇಳಿದ್ದಕ್ಕೆ ಹೆಚ್ಚುಕಡಿಮೆ ಸರಿಯಾಗಿ. ಮ್ಯಾಂಗನೀಸ್ 14ರಿಂದ 10ಕ್ಕೆ, ಅದೂ ಸರಿ. ಸತು 5.5ರಿಂದ 2.6ಕ್ಕೆ, ಗುಣಾಕಾರಕ್ಕಿಂತ ಮೂರು ಪಟ್ಟು ಹೆಚ್ಚು. ಸತು ಧಾರಾಳ ಇರುವ ನೀರಿನಲ್ಲಿ ಕೋಶ ಅಗತ್ಯಕ್ಕಿಂತ ಹೆಚ್ಚೇ ತುಂಬಿಕೊಳ್ಳುತ್ತದೆ, ಮೇಲ್ಮೈಗೂ ಅಂಟಿಸಿಕೊಳ್ಳುತ್ತದೆ. ಪ್ರಯೋಗಾಲಯದ ಸರಾಸರಿಯನ್ನು ಕರಾವಳಿಯ ಸತುವಿಗೆ ಕಣ್ಣು ಮುಚ್ಚಿ ಹಾಕಬಾರದು. ತಾಮ್ರ 8ರಿಂದ 7.6, ದೋಷದೊಳಗೆ.

ಆಮ್ಲ, ಯುವಿ, ಕಾಲಂ

ಸೋಸಿದ ನೀರಿಗೆ ಲೀಟರಿಗೆ 4 ಮಿಲಿಯಂತೆ 6 ಮೋಲಾರ್ ಶುದ್ಧ ಹೈಡ್ರೊಕ್ಲೋರಿಕ್ ಆಮ್ಲ, ಅಂದರೆ 0.024 ಮೋಲಾರ್, ಪಿಎಚ್ 1.7–1.8. ಕನಿಷ್ಠ ಒಂದು ತಿಂಗಳು ಇಡಬೇಕು. ಬ್ಲೂಮ್ ನೀರಿಗೆ ಅಷ್ಟೇ ಸಾಲದು. ಪಾಚಿ ಬಿಟ್ಟ ಸಾವಯವ ಲಿಗಂಡ್‌ಗಳು ಕೋಬಾಲ್ಟ್ ಮತ್ತು ತಾಮ್ರವನ್ನು ಆಮ್ಲದಲ್ಲೂ ಪೂರ್ತಿ ಬಿಡುವುದಿಲ್ಲ. ಯುವಿ ದೀಪದ ಕೆಳಗೆ ಕ್ವಾರ್ಟ್ಸ್ ಕೊಳವೆಯಲ್ಲಿ ಎರಡು ಗಂಟೆ ಇಟ್ಟಾಗ ಬ್ಲೂಮ್ ಮಾದರಿಯ ತಾಮ್ರ ಐದರಲ್ಲೊಂದು ಪಾಲು ಏರಿತು, ಬ್ಲೂಮ್ ಇಲ್ಲದ ಮಾದರಿಯದು ಅಷ್ಟು ಏರಲಿಲ್ಲ. ಯುವಿ ಇಲ್ಲದೆ "ಬ್ಲೂಮ್‌ನಲ್ಲಿ ತಾಮ್ರ ಇಳಿಯಿತು" ಎಂದು ಯಾರಾದರೂ ತೋರಿಸಿದರೆ ಮೊದಲು ಇದನ್ನು ಕೇಳಿ. ಆಮ್ಲ ಹಾಕಿದ ಮೇಲೆಯೇ ಯುವಿ, ಮುಂಚೆ ಹಿಡಿದರೆ ಕಬ್ಬಿಣ ಕೊಳವೆಗೆ ಅಂಟುತ್ತದೆ. ದೀಪದ ಬಿಸಿಗೆ ನೀರು ಆವಿಯಾಗುತ್ತದೆ, ಹಿಂದೆ ಮುಂದೆ ತೂಕ ಹಾಕಬೇಕು.

ರೆಸಿನ್ ನೋಬಿಯಾಸ್ ಪಿಎ-1. ಬಫರ್ ಅಮೋನಿಯಂ ಅಸಿಟೇಟ್, ಪಿಎಚ್ 6.0ರಿಂದ 6.2. 5.8ಕ್ಕಿಂತ ಇಳಿದರೆ ಮ್ಯಾಂಗನೀಸ್ ಕೈಬಿಡುತ್ತದೆ. ಕಾಗದದ ಪಟ್ಟಿಯಲ್ಲಿ ಪಿಎಚ್ ನೋಡಿದ ಒಂದು ಕಂತು ಪೂರ್ತಿ ಮ್ಯಾಂಗನೀಸ್ ಶೇ 70ಕ್ಕೆ ಬಂತು. ಬೇರೆ ಕೊಳವೆಗೆ ಸ್ವಲ್ಪ ಸುರಿದು ಮೀಟರಿನಲ್ಲೇ ನೋಡಬೇಕು, ವಿದ್ಯುದಗ್ರವನ್ನು ಮಾದರಿಗೆ ಮುಟ್ಟಿಸಬಾರದು. 120 ಮಿಲಿ ಮಾದರಿ, ನಿಮಿಷಕ್ಕೆ ಒಂದೂವರೆ ಮಿಲಿ, ಅಮೋನಿಯಂ ಅಸಿಟೇಟಿನ ತೆಳು ದ್ರಾವಣದಲ್ಲಿ ಉಪ್ಪು ತೊಳೆದು, 1 ಮೋಲಾರ್ ನೈಟ್ರಿಕ್ ಆಮ್ಲ 3 ಮಿಲಿಯಲ್ಲಿ ಇಳಿಸುವುದು. 40 ಪಟ್ಟು ಸಾಂದ್ರ. ಎಂಟು ಕಾಲಂ ಒಂದೇ ಪಂಪಿನಲ್ಲಿ ಓಡಿದರೆ ದಿನಕ್ಕೆ ನಾಲ್ಕು ಸುತ್ತು. ಇಳಿಸುವಾಗ ಆಮ್ಲವನ್ನು ಮಾದರಿ ಬಂದ ದಿಕ್ಕಿನಿಂದಲೋ, ಎದುರಿನಿಂದಲೋ ಹರಿಸುವುದು ಎಂಬುದರಲ್ಲಿ ಸತುವಿನ ಬ್ಲ್ಯಾಂಕ್ ಅಡಗಿದೆ. ಮಾಡಿ ನೋಡಿ, ಉತ್ತರ ಒಂದೇ ದಿನದಲ್ಲಿ ಸಿಗುತ್ತದೆ.

ಈ ರೆಸಿನ್ ಮಾಲಿಬ್ಡಿನಂ ಅನ್ನೂ ಹಿಡಿಯುತ್ತದೆ. ಸಮುದ್ರದ ನೀರಿನಲ್ಲಿ ಅದು 100 ನ್ಯಾನೊಮೋಲಾರಿಗೂ ಮೇಲೆ, ಕ್ಯಾಡ್ಮಿಯಂನ ಮುನ್ನೂರು ಪಟ್ಟು. ಲೋಹಗಳನ್ನು ದ್ರವ್ಯರಾಶಿಯಿಂದ ಗುರುತಿಸಿ ಅಳೆಯುವ ಐಸಿಪಿ-ಎಂಎಸ್ ಉಪಕರಣದಲ್ಲಿ ಮಾಲಿಬ್ಡಿನಂ ಆಕ್ಸೈಡ್ ಕ್ಯಾಡ್ಮಿಯಂನ 111, 114 ದ್ರವ್ಯರಾಶಿಗಳ ಮೇಲೆ ಬಂದು ಕೂರುತ್ತದೆ. ಬ್ಲೂಮ್‌ಗೆ ಮುಂಚೆ ಇದು ಸಣ್ಣ ತಿದ್ದುಪಡಿ. ಬ್ಲೂಮ್ ಕ್ಯಾಡ್ಮಿಯಂ ಅನ್ನು 0.09ಕ್ಕೆ ಇಳಿಸಿದ ಮೇಲೆ ಅದೇ ತಿದ್ದುಪಡಿ ಮೂರೂವರೆ ಪಟ್ಟು ಭಾರ. ಪ್ರತಿ ದಿನ ಬರೀ ಮಾಲಿಬ್ಡಿನಂ ದ್ರಾವಣ ಹಾಯಿಸಿ ಆಕ್ಸೈಡ್ ಪ್ರಮಾಣ ತೆಗೆಯದೆ ಕ್ಯಾಡ್ಮಿಯಂ ವರದಿ ಮಾಡಬೇಡಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಕಾಸ್ ಸರಣಿಯ ಕರಾವಳಿ ನೀರನ್ನು (ಲೋಹದ ಪ್ರಮಾಣ ಮೊದಲೇ ಖಚಿತಪಡಿಸಿದ ನೀರು) ಪ್ರತಿ ಕಂತಿನಲ್ಲೂ ಒಂದು ಕಾಲಂಗೆ ಹಾಕುತ್ತಿದ್ದೆವು. ಅದು ಸರಿ ಬಾರದ ಕಂತನ್ನು ಎಸೆದೆವು, ಸರಿಪಡಿಸುವ ಗೋಜಿಗೆ ಹೋಗಲಿಲ್ಲ.

ಹಣ

ಒಂದು ಸುತ್ತಿನ ಖರ್ಚನ್ನು ನೂರು ಎಂದಿಟ್ಟುಕೊಂಡರೆ ಐಸಿಪಿ-ಎಂಎಸ್ ಬಾಡಿಗೆ 45, ಐಸೊಟೋಪ್ ಸ್ಪೈಕ್ (ಒಂದು ಐಸೊಟೋಪ್ ಹೆಚ್ಚಿರುವ ಲೋಹ, ತಿಳಿದ ಪ್ರಮಾಣದಲ್ಲಿ ಬೆರೆಸಿ ಅನುಪಾತದಿಂದ ಅಳೆಯಲು) 15, ಫಿಲ್ಟರ್ 12, ಬಾಟಲಿ 10, ರೆಸಿನ್ 8, ಆಮ್ಲ 5, ದೋಣಿ 5. ಉಪಕರಣ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವುದರಿಂದ, 40 ಮಾದರಿ ಕೂಡುವವರೆಗೆ ಕಾದು ಒಂದೇ ದಿನ ಹಾಯಿಸುವುದೇ ದೊಡ್ಡ ಉಳಿತಾಯ. ಉಪಕರಣ ಬಿಸಿಯಾಗಿ ಸ್ಥಿರವಾಗುವ ಎರಡು ಗಂಟೆಗೂ ಬಾಡಿಗೆ ಕಟ್ಟಬೇಕಲ್ಲ. ಸ್ಪೈಕ್ ಕೊಂಡದ್ದು ಕಬ್ಬಿಣ, ಸತು, ಕ್ಯಾಡ್ಮಿಯಂ ಮೂರಕ್ಕೆ ಮಾತ್ರ. ಮ್ಯಾಂಗನೀಸ್, ಕೋಬಾಲ್ಟ್‌ಗೆ ಸಹಜವಾಗಿ ಇರುವುದು ಒಂದೊಂದೇ ಸ್ಥಿರ ಐಸೊಟೋಪ್, ಅಲ್ಲಿ ಆ ದಾರಿಯೇ ಇಲ್ಲ, ಪ್ರಮಾಣಿತ ದ್ರಾವಣ ಸೇರಿಸಿ ಅಳೆಯುವುದೇ ಗತಿ. ತಾಮ್ರ, ನಿಕಲ್‌ಗೂ ಅದೇ ಮಾಡಿದೆವು, ಶೇ 5 ದೋಷ ಒಪ್ಪಿಕೊಂಡು.

ಆಮ್ಲದ ಪಾಲು 5ಕ್ಕೆ ಇಳಿದದ್ದು ನಾವೇ ಬಟ್ಟಿ ಇಳಿಸಿದ್ದರಿಂದ. ಎರಡು ಟೆಫ್ಲಾನ್ ಬಾಟಲಿಗಳನ್ನು ಮೊಣಕೈ ಜೋಡಣೆಯಿಂದ ಸೇರಿಸಿ, ಒಂದಕ್ಕೆ ಇನ್‌ಫ್ರಾರೆಡ್ ದೀಪ, ಇನ್ನೊಂದಕ್ಕೆ ತಣ್ಣೀರು. ಕುದಿಯಬಾರದು, ಬರೀ ಆವಿಯಾಗಬೇಕು. ವಾರಕ್ಕೆ ಅರ್ಧ ಲೀಟರ್. ಮೊದಲ ಸುತ್ತಿನಲ್ಲಿ ಕೊಂಡ ಅತಿಶುದ್ಧ ಆಮ್ಲಕ್ಕೆ ಕೊಟ್ಟ ಹಣದಲ್ಲಿ ಈ ವ್ಯವಸ್ಥೆ ಎರಡು ಬರುತ್ತಿತ್ತು, ಸತು ಮಾತ್ರ ಎರಡರಲ್ಲೂ ಒಂದೇ. ಹಣ ಹಾಳಾದ ದೊಡ್ಡ ಜಾಗ ಎಂದರೆ ಸ್ಪೈಕ್. ಎರಡನೇ ಸುತ್ತಿನ ಎಲ್ಲ ಮಾದರಿಗೂ ಸ್ಪೈಕ್ ಹಾಕಿಯಾದ ಮೇಲೆ ಸೋಸುವಿಕೆಯ ದೋಷ ಗೊತ್ತಾಯಿತು. ಈಗ ಮೊದಲು ಐದು ಮಾದರಿ ಸ್ಪೈಕ್ ಇಲ್ಲದೆ ಹಾಯಿಸಿ, ಮೊದಲ–ಮೂರನೇ 100 ಮಿಲಿ ಪರೀಕ್ಷೆ ಸರಿ ಬಂದರೆ ಮಾತ್ರ ಸ್ಪೈಕ್ ಬಾಟಲಿಯ ಮುಚ್ಚಳ ತೆಗೆಯುವುದು. ಸ್ವಯಂಚಾಲಿತ ಯಂತ್ರ ಕೊಂಡಿದ್ದರೆ ಮೂರೂ ಸುತ್ತಿನ ಮೊತ್ತ ಸೇರಿಸಿದರೂ ಸಾಲುತ್ತಿರಲಿಲ್ಲ.

ತಾಮ್ರಕ್ಕೆ ಬೇರೆಯೇ ದಾರಿ

ತಾಮ್ರದ ಮೊತ್ತ ಅಲುಗದೇ ಇರುವಾಗ ಬ್ಲೂಮ್ ಅದಕ್ಕೆ ಏನೂ ಮಾಡಿಲ್ಲ ಎಂದುಕೊಂಡರೆ ಮೋಸ ಹೋಗುತ್ತೇವೆ. ಲಿಗಂಡ್‌ಗಳು ತಾಮ್ರವನ್ನು ಎಷ್ಟು ಕಟ್ಟಿ ಹಿಡಿದಿವೆ ಎಂದು ವಿದ್ಯುತ್ ವಿಧಾನದಲ್ಲಿ ಅಳೆದೆವು: ತಾಮ್ರ ಹಿಡಿಯುವ ಸ್ಯಾಲಿಸಿಲಾಲ್ಡಾಕ್ಸೈಮ್ 10 ಮೈಕ್ರೊಮೋಲಾರ್, ಪಿಎಚ್ 8.2, ತೂಗು ಪಾದರಸ ಹನಿಯ ವಿದ್ಯುದಗ್ರ, ಒಂದು ಮಾದರಿಗೆ 12 ಕಪ್, ರಾತ್ರಿಯಿಡೀ ಸಮತೋಲನ. ಲಿಗಂಡ್ 12 ನ್ಯಾನೊಮೋಲಾರಿನಿಂದ 40ಕ್ಕೆ ಏರಿತ್ತು, ಅದು ತಾಮ್ರವನ್ನು ಹಿಡಿಯುವ ಬಲದ ಸ್ಥಿರಾಂಕ 10ರ 12ನೇ ಘಾತದ ಆಸುಪಾಸು. ತಾಮ್ರ 8 ಎಂದು ಹಿಡಿದು ನೀವೇ ಲೆಕ್ಕ ಹಾಕಿ: ಮುಕ್ತ ತಾಮ್ರದ ಅಯಾನು 2 ಪಿಕೊಮೋಲಾರಿನಿಂದ ಕಾಲು ಪಿಕೊಮೋಲಾರಿಗೆ ಬಂತು, ಎಂಟು ಪಟ್ಟು ಕುಸಿತ. ಸಯನೋಬ್ಯಾಕ್ಟೀರಿಯಾಗಳ ಬೆಳವಣಿಗೆ ಮುಗ್ಗರಿಸುವುದು ಮುಕ್ತ ತಾಮ್ರ 10 ಪಿಕೊಮೋಲಾರ್ ಹತ್ತಿರ ಬಂದಾಗ. ಹೀಗಾಗಿ ಮುಂದೆ ಯಾವ ಪಾಚಿ ಬರಬಹುದು ಎಂಬುದಕ್ಕೆ ಈ ಅಂಕಿಯೇ ಮುಖ್ಯ, ಮೊತ್ತದ ಅಂಕಿ ಅಷ್ಟಲ್ಲ.

ಇಲ್ಲೂ ಎಡವಿದ್ದುಂಟು. ಬ್ಲೂಮ್ ನೀರಿನ ಲೋಳೆ ಪಾದರಸದ ಹನಿಗೆ ಅಂಟಿ ಶಿಖರವನ್ನು ಕುಗ್ಗಿಸುತ್ತದೆ. ಶಿಖರ ಕುಗ್ಗಿದ್ದನ್ನು ಲಿಗಂಡ್ ಹೆಚ್ಚಿದೆ ಎಂದು ಓದಿಬಿಡುವುದು ಬಹಳ ಸುಲಭ. ಶೇಖರಣೆಯ ಸಮಯ ಅರ್ಧಕ್ಕೆ ಇಳಿಸಿ, ಸ್ಕ್ಯಾನ್‌ಗೆ ಮುಂಚೆ ಒಂದೇ ಸೆಕೆಂಡ್ ಆಳದ ಋಣ ವಿಭವಕ್ಕೆ ಹಾರಿಸಿ ಲೋಳೆ ಬಿಡಿಸಿದೆವು. ಸಂವೇದನೆಯ ಇಳಿಜಾರನ್ನು ಯುವಿ ಹಿಡಿದ ನೀರಿನಿಂದ ತೆಗೆಯಬಾರದು, ಅದೇ ಮಾದರಿಯ ಕೊನೆಯ ನಾಲ್ಕು ಕಪ್‌ನಿಂದ ತೆಗೆಯಬೇಕು.

ದಾರಿ ತಪ್ಪಿ ಮಾಡಿದ ಪ್ರಯೋಗಗಳು

ಬ್ಲೂಮ್ ಏರಿದಾಗ ಕಾರ್ಬಾಯ್‌ನ ಪಿಎಚ್ 8.1ರಿಂದ ಮೇಲೆ ಹೋಗುತ್ತಿತ್ತು. ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ಡಯಾಟಮ್‌ಗಳು ಕ್ಯಾಡ್ಮಿಯಂ ಹೆಚ್ಚು ತುಂಬಿಕೊಳ್ಳುತ್ತವೆ ಎಂಬುದು ತಿಳಿದ ವಿಷಯ. ಸತುವಿನ ಜಾಗದಲ್ಲಿ ಕ್ಯಾಡ್ಮಿಯಂ ಕೂರಿಸಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ನಡೆಸುವ ಕೌಶಲ ಥಲಾಸಿಯೊಸೈರಾ ಎಂಬ ಡಯಾಟಮ್‌ನಲ್ಲಿ ಸಿಕ್ಕಿದೆ. ಒಂದು ಕಾರ್ಬಾಯ್‌ಗೆ ಸೋಸಿದ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಬಿಟ್ಟು ಪಿಎಚ್ 8.1ರಲ್ಲೇ ಹಿಡಿದೆವು. ರಂಜಕಕ್ಕೆ ಕ್ಯಾಡ್ಮಿಯಂ ಅನುಪಾತ ಮೂರರಲ್ಲೊಂದು ಪಾಲು ಕಡಿಮೆ ಬಂತು. ಒಂದೇ ಕಾರ್ಬಾಯ್, ಅದನ್ನು ಸಾಕ್ಷಿ ಎಂದು ಮಂಡಿಸುವುದಿಲ್ಲ. ಆದರೆ ಮುಚ್ಚಿದ ಕಾರ್ಬಾಯ್‌ನ ಕ್ಯಾಡ್ಮಿಯಂ ಅಂಕಿಯನ್ನು ತೆರೆದ ಕೊಲ್ಲಿಗೆ ಹೊಂದಿಸುವವರು ಪಿಎಚ್ ಬರೆದಿಟ್ಟುಕೊಳ್ಳಲಿ.

ಇನ್ನೊಂದು, ಆಕ್ಸಲೇಟ್ ತೊಳೆತ. ಫಿಲ್ಟರಿನ ಮೇಲಿನ ಪಾಚಿಗೆ ಆಕ್ಸಲೇಟ್–ಇಡಿಟಿಎ ದ್ರಾವಣ ಹತ್ತು ನಿಮಿಷ, ಆಮೇಲೆ ಲೋಹ ತೆಗೆದ ಉಪ್ಪುನೀರಿನಲ್ಲಿ ಮೂರು ಸಲ ತೊಳೆತ. ಕಣರೂಪದ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚು ತೊಳೆದುಹೋಯಿತು, ಕ್ಯಾಡ್ಮಿಯಂ ಹೆಚ್ಚುಕಡಿಮೆ ಹಾಗೇ ಉಳಿಯಿತು. ಕಬ್ಬಿಣವನ್ನು ಪಾಚಿ ತಿಂದದ್ದಕ್ಕಿಂತ ಮೈಗೆ ಮೆತ್ತಿಕೊಂಡದ್ದೇ ಹೆಚ್ಚು. ಎಚ್ಚರವಿರಲಿ, ಸೊರಗಿದ ಬ್ಲೂಮ್‌ನ ಕೋಶಗಳು ಈ ತೊಳೆತದಲ್ಲಿ ಒಡೆಯುತ್ತವೆ. ತೊಳೆದ ದ್ರಾವಣದಲ್ಲಿ ರಂಜಕ ಅಳೆಯಿರಿ, ಅದು ಸಿಕ್ಕಿದರೆ ಆ ಫಿಲ್ಟರ್ ಲೆಕ್ಕಕ್ಕಿಲ್ಲ.

ಫಿಯೊಸಿಸ್ಟಿಸ್ ಎಂಬ ಪಾಚಿ ಬಂದ ವಾರ ಮ್ಯಾಂಗನೀಸ್ ಹುಚ್ಚೆದ್ದಂತೆ ಕಣರೂಪಕ್ಕೆ ಹೋಯಿತು. ಅದರ ಲೋಳೆಗೂಡಿನಲ್ಲಿ ಮ್ಯಾಂಗನೀಸ್ ಶೇಖರವಾಗುವುದು ಹಿಂದೆಯೇ ವರದಿಯಾಗಿದೆ. ಕೋಶದ ಕೋಟಾದಿಂದ ಈ ಅಂಕಿಯನ್ನು ವಿವರಿಸಲು ಹೊರಟು ನಾವು ವಾರ ಕಳೆದೆವು. ಸೂಕ್ಷ್ಮದರ್ಶಕದಲ್ಲಿ ಮೊದಲು ನೋಡಿದ್ದರೆ ಹತ್ತು ನಿಮಿಷದ ಕೆಲಸ.

ಬ್ಲೂಮ್ ಸತ್ತ ಮೇಲೆ

ಹೆಚ್ಚಿನವರು ಕ್ಲೋರೊಫಿಲ್ ಇಳಿದ ದಿನ ಮಾದರಿ ನಿಲ್ಲಿಸುತ್ತಾರೆ. ಲೆಕ್ಕದ ಇನ್ನರ್ಧ ಶುರುವಾಗುವುದೇ ಆಗ. ಬೆಳಕಿನ ಕಾರ್ಬಾಯ್‌ಗಳನ್ನು ಆರನೇ ದಿನ ಕಪ್ಪು ಹಾಳೆಯಲ್ಲಿ ಸುತ್ತಿಟ್ಟು ಇನ್ನೂ ಎಂಟು ದಿನ ಹಿಡಿದೆವು. ಕ್ಯಾಡ್ಮಿಯಂ ಫಾಸ್ಫೇಟಿನ ಹೆಜ್ಜೆಗೆ ಹೆಜ್ಜೆ ಹಾಕಿ ಮರಳಿ ಕರಗಿತು, ನಾಲ್ಕೇ ದಿನದಲ್ಲಿ ಮುಕ್ಕಾಲು ಪಾಲು. ಸತು ಅರ್ಧದಷ್ಟು ಬಂತು. ಕಬ್ಬಿಣ ಕೋಶದಿಂದ ಹೊರಬಿದ್ದರೂ ಪಕ್ಕದ ಕಣಕ್ಕೇ ಅಂಟಿಕೊಂಡು, ಕರಗಿದ ಲೆಕ್ಕಕ್ಕೆ ಹೆಚ್ಚೇನೂ ಮರಳಲಿಲ್ಲ.

ಕೊಲ್ಲಿಯಲ್ಲಿ ಇದಕ್ಕೆ ತಳದ ಕೆಸರೂ ಸೇರುತ್ತದೆ. ಸತ್ತ ಪಾಚಿ ಕೆಸರಿನ ಮೇಲೆ ಕೊಳೆತು ಆಮ್ಲಜನಕ ಮುಗಿಸಿದಾಗ ಮೊದಲು ಮ್ಯಾಂಗನೀಸ್ ಬಿಡುಗಡೆ, ಕಬ್ಬಿಣ ಅದರ ನಂತರ. ನಮ್ಮ ತಳದ ನೀರಿನಲ್ಲಿ ಮ್ಯಾಂಗನೀಸ್ ಬ್ಲೂಮ್‌ಗೆ ಮುಂಚಿನ ಮೂರು ಪಟ್ಟಾಗಿತ್ತು, ಆಗ ಮೇಲ್ಮೈ ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ತಳದ ನೀರು ಹಿಡಿಯುವಾಗ ಕೊಳವೆಯ ಬಾಯಿ ಕೆಸರಿನಿಂದ ಅರ್ಧ ಮೀಟರ್ ಮೇಲಿರಬೇಕು. ಬಾಟಲಿಯನ್ನು ಅಂಚಿನವರೆಗೆ ಉಕ್ಕಿಸಿ ತುಂಬಿ, ಸೋಸುವುದನ್ನು ಅಲ್ಲೇ ದೋಣಿಯಲ್ಲಿ, ಸಾರಜನಕದ ಒತ್ತಡದಲ್ಲೇ ಮುಗಿಸಬೇಕು. ದಡಕ್ಕೆ ತಂದು ಸೋಸಿದರೆ ಫೆರಸ್ ಕಬ್ಬಿಣ ಅಷ್ಟರಲ್ಲಿ ತುಕ್ಕಾಗಿ ಫಿಲ್ಟರಿನ ಮೇಲೆ ಕೂತಿರುತ್ತದೆ, ಜೊತೆಗೆ ಬೇರೆ ಲೋಹಗಳನ್ನೂ ಎಳೆದುಕೊಂಡಿರುತ್ತದೆ.